ದೊಡ್ಡ ಪೈಲ್ವಾನ ಯಾರಂತ ಮನ್ಯಾಗ ಕೇಳ್ರಿ

ಹೋದ ತಿಂಗಳಿಂದ ಓಣ್ಯಾಗ ಯಾರ್ ಸಿಕ್ಕರೂ ಕೇಳೋದು ಒಂದೇ ಮಾತು. "ಏನ್ರಿ ವೈನಿ, ಮಗಳ ಕೈ ಹ್ಯಾಂಗದ? ಇನ್ನರ ಆ ಕುಸ್ತಿ ಗಿಸ್ತಿ ಬಿಡಸ್ತೀರಿಲ್ಲೋ?" ಕಮಲಾಪುರದಿಂದ ಚಿಗವ್ವ ಫೋನ್ ಹಚ್ಚಿದ್ರೂ ಅದೇ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋಯ್ಲಕತ್ತದ. ಅದಕ್ಕ ಎಲ್ಲಾ ಇಲ್ಲೇ ಬರೀತೀನಿ, ರೊಟ್ಟಿ ಬಡ್ಯೋದು ಮುಗಿಸಿ ಪುರುಸೊತ್ತಿಲೆ ಓದ್ರಿ.

ಮೊದಲೇದು, ಅದು ಕುಸ್ತಿ ಅಲ್ರಿ, ಜುಡೋ. ಕುಸ್ತಿಗಿ ತಂಗಿ ಇದ್ದಂಗ ಅನ್ರಿ. ಹೊಡಿಯೋದು ಬಡಿಯೋದು ಇಲ್ಲ. ಅಂಗಿ ಹಿಡಿಯೋದು, ತೋಲ ತಪ್ಪಿಸೋದು, ಕೆಡವೋದು, ಕೆಳಗ ಒತ್ತಿ ಹಿಡಿಯೋದು. ಜಪಾನದಾಗ ಜಿಗೊರೊ ಕಾನೊ ಅನ್ನೋ ಮಾಸ್ತರು 1882ರಾಗ ಶುರು ಮಾಡಿದ್ದು. ಅವ್ರು ಸಣ್ಣ ಆಳು, ಸಾಲ್ಯಾಗ ದೊಡ್ಡ ಹುಡುಗರ ಕೈಯಾಗ ಪೆಟ್ಟು ತಿಂದು ತಿಂದು ಸಾಕಾಗಿ ಹಳೇ ಉಸ್ತಾದರ ಹತ್ರ ವಿದ್ಯಾ ಕಲ್ತು, ಕೈ ಕಾಲು ಮುರಿಯೋ ಪಟ್ಟು ತೆಗದು, ಸಾಲಿ ಮಕ್ಕಳು ಕಲಿಯೋ ಹಂಗ ಮಾಡಿದ್ರು.

ನನ್ನ ಮಗಳು ಒಂಬತ್ತನೇ ಕ್ಲಾಸ್. ಅಕಿ ಸಾಲ್ಯಾಗ ಸರ್ಕಾರದ್ದು ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಅಂತ ಮೂರು ತಿಂಗಳು ನಡೀತು. ಅದು ಮುಗದ ಮ್ಯಾಲ "ಅವ್ವ, ಇನ್ನೂ ಕಲೀಬೇಕು" ಅಂದ್ಳು. ಸಂಜಿ ಕ್ಲಾಸಿಗಿ ಹಚ್ಚಿದ್ವಿ. ಎರಡು ತಿಂಗಳ ಹಿಂದ ಒಂದು ದಿನ ಹೆಗಲ ಮ್ಯಾಲ ಬಿದ್ದು, ಕುತ್ತಿಗಿಯಿಂದ ಹೆಗಲಿಗಿ ಹೋಗೋ ಎಲುಬು ಸೀಳ್ತು. ಆರು ವಾರ ಕೈ ಕೊಳ್ಳಿಗಿ ಕಟ್ಕೊಂಡು ಕುಂತ್ಳು. ಈಗ ಎಲುಬು ಕೂಡ್ಯಾದ, ಡಾಕ್ಟರ್ ಹೋಗ್ಬಹುದು ಅಂದಾರ. ಆದ್ರ ನಮ್ಮ ಮನಿ ಇನ್ನೂ ಕೂಡಿಲ್ಲ. ಅತ್ತಿ ಬ್ಯಾಡ ಅಂತಾರ. ಮನ್ಯಾವರು ಪೇಪರ್ ಹಿಂದ ಮುಖ ಮುಚ್ಕೋತಾರ. ನಮ್ಮ ಮೈದುನನ ಮಗ, ಇಪ್ಪತ್ತು ವರ್ಷದವ, ಜಿಮ್ಮಿಗಿ ಹೋಗಿ ತೋಳು ಉಬ್ಬಿಸ್ಯಾನ, ಅವ ನಕ್ಕು ಅಂತಾನ: "ಕಾಕಿ, ಹುಡುಗ್ಯಾರು ಎಲ್ಲಿ ಫೈಟರ್ ಆಗ್ತಾರ? ಫೈಟರ್ ಆಗಬೇಕಂದ್ರ ಬಾಡಿ ಬೇಕು."

ಅವನ ಮಾತು ಕೇಳಿ ನನಗ ಸಿಟ್ಟು ಬರ್ಲಿಲ್ಲ, ಪ್ರಶ್ನಿ ಬಂತು. ಫೈಟರ್ ಅಂದ್ರ ಏನು? ದೊಡ್ಡ ಪೈಲ್ವಾನ ಅಂತ ಯಾರಿಗಿ ಅನ್ನಬೇಕು? ನಾನು ಪೈಲ್ವಾನನ ಮಗಳು. ಕಮಲಾಪುರದಾಗ ನಮ್ಮ ಮನಿ ಹಿತ್ತಲದಾಗ ಲಂಗೋಟಿ ಒಣಗೋದು ನೋಡ್ಕೋತ ಬೆಳದಾಕಿ. ಅದಕ್ಕ ನಾಲ್ಕು ಮಾತು ಹೇಳೋ ಹಕ್ಕು ನನಗೂ ಅದ.

ಬಾಡಿ ಮಾತು ಮೊದಲು ಮುಗಸ್ತೀನಿ. ಹೋದ ಎಳ್ಳಮವಾಸಿಗಿ ಎಲ್ಲಾರೂ ಕಮಲಾಪುರದ ಹೊಲಕ್ಕ ಹೋಗಿದ್ವಿ. ಭಜ್ಜಿ, ಸಜ್ಜಿ ರೊಟ್ಟಿ ಉಂಡು ಗಂಡಸರೆಲ್ಲಾ ಬನ್ನಿ ಗಿಡದ ಬುಡಕ ಅಡ್ಡಾಗಿದ್ರು. ಈ ನಮ್ಮ ಹುಡುಗ ನಮ್ಮ ಕಾಕಾಗ "ಬರ್ರಿ ಮುತ್ಯಾ, ಒಂದ್ ಕೈ ಆಗ್ಲಿ" ಅಂತ ಕೆಣಕಿದ. ಕಾಕಾಗ ಅರವತ್ತು ದಾಟ್ಯಾವ, ಒಣಕಟಗಿ ಆಳು. ಎದ್ದು ಧೋತರ ಕಚ್ಚಿ ಬಿಗಿ ಮಾಡಿ, ಹುಡುಗನ ಕೊಳ್ಳಿಗಿ ಒಂದು ಕೈ, ಮೊಳಕೈಗಿ ಒಂದು ಕೈ ಇಟ್ಟ. ಹುಡುಗ ನೂಕಿದ. ಕಾಕಾ ಎದುರು ನೂಕ್ಲಿಲ್ಲ, ಜರಾ ಪಕ್ಕಕ್ಕ ಸರದು, ನೂಕಿದ ಕಡಿಗೇ ಎಳದು, ಕಾಲು ಅಡ್ಡ ಇಟ್ಟ. ಹುಡುಗ ಜ್ವಾಳದ ಸಾಲಿನಾಗ. ಎದ್ದು ಮತ್ತ ಬಂದ, ಮತ್ತ ಸಾಲಿನಾಗ. ಎರಡೂ ಸರ್ತಿ ಕಾಕಾ ಅವನ ತಲಿ ನೆಲಕ್ಕ ಬಡೀಲಾರದಂಗ ಕೈ ಕೊಟ್ಟು ಇಳಿಸಿದ, ಕೂಸಿಗಿ ತೊಟ್ಟಲದಾಗ ಮಲಗಿಸಿದಂಗ.

ತೋಳು ಕಣ್ಣಿಗಿ ಕಾಣ್ತಾವ, ಆದ್ರ ಆಟ ಇರೋದು ಕಾಲಾಗ, ನಡದಾಗ, ಉಸರದಾಗ. ಎದುರಿನವನ ತೋಲ ಯಾವ ಕಾಲಿನ ಮ್ಯಾಲ ಅದ ಅನ್ನೋದು ಕೈಗಿ ತಿಳೀಬೇಕು. ಕಣ್ಣು ನೋಡಿ, ತಲಿ ಯೋಚನಿ ಮಾಡಿ, ಆಮ್ಯಾಲ ಕೈ ಎತ್ತೋತನಕ ಹೊತ್ತು ಹೋಗಿರ್ತದ. ನಾವು ರೊಟ್ಟಿ ಬಡಿಯೋವಾಗ ಹಿಟ್ಟು ತೆಳ್ಳಗ ಆಗ್ಯಾದೋ ಇಲ್ಲೋ ಅಂತ ನೋಡ್ತೀವೇನು? ಅಂಗೈಗಿ ಗೊತ್ತಾಗ್ತದ. ಹಂಗ. ಇದು ಜಿಮ್ಮಿನ ಕಬ್ಬಿಣ ಎತ್ತಿದ್ರ ಬರಂಗಿಲ್ಲ. ಬ್ಯಾರೆ ಮನಶ್ಯಾರ ಮೈ ಹಿಡ್ದು, ಸಾವಿರ ಸರ್ತಿ ಕೆಡವಿ, ಸಾವಿರ ಸರ್ತಿ ಬಿದ್ದು ಬರಬೇಕು.

ಬೀಳೋದು ಅಂದ್ನಲ್ಲ, ಅದೇ ಮೊದಲನೇ ವಿದ್ಯಾ. ಜುಡೋದಾಗ ಹೊಸಬರಿಗಿ ಮೊದಲು ಕಲಸೋದು ಬೀಳೋದೇ. ಗದ್ದ ಎದಿಗಿ ಹಚ್ಚಿ, ತಲಿ ಒಳಗ ತೊಗೊಂಡು, ಅಂಗೈಯಿಂದ ನೆಲಕ್ಕ ಬಡ್ದು, ಪೆಟ್ಟು ಒಂದೇ ಕಡಿ ಬೀಳದಂಗ ಮೈತುಂಬ ಹಂಚಬೇಕು. ಕೈ ಚಾಚಿ ಅಥವಾ ಹೆಗಲು ಕೊಟ್ಟು ಬಿದ್ರ ಎಲುಬು ಹೋಗ್ತದ, ನನ್ನ ಮಗಳಿಗಿ ಆಗಿದ್ದು ಅದೇ. ತಾಲೀಮಿನ್ಯಾಗೂ ಹಂಗೇ. ಅಪ್ಪ ಹೋಗ್ತಿದ್ದ ತಾಲೀಮಿನ ಕೆಂಪು ಮಣ್ಣಿಗಿ ಎಣ್ಣಿ, ಮಜ್ಜಗಿ, ಅರಿಷಿಣ, ನಿಂಬಿಹಣ್ಣು ಹಾಕಿ, ದಿನಾ ನಸಿಕಿನ್ಯಾಗ ಸಲಿಕಿಲೆ ಕೆತ್ತಿ ಮೆತ್ತಗ ಮಾಡ್ತಿದ್ರು. ಮಣ್ಣು ಕೆತ್ತೋದೇ ಮೊದಲನೇ ಕಸರತ್ತು. ಆಮ್ಯಾಲ ದಂಡ, ಬೈಠಕ್, ಜೋಡಿ ತಿರಗಸೋದು. ಹೊಸ ಹುಡುಗ ಬಂದ್ರ ತಿಂಗಳುಗಟ್ಲೆ ಮಣ್ಣು ಕೆತ್ತಬೇಕು, ಉಸ್ತಾದರ ಮೈ ತಿಕ್ಕಬೇಕು, ಬೀಳಬೇಕು. ಬಿಟ್ಟು ಓಡಿ ಹೋಗೋರು ಓಡಿ ಹೋಗ್ತಿದ್ರು. ಉಳದವರು ಪೈಲ್ವಾನ ಆಗ್ತಿದ್ರು.

ಈ ತಾಲೀಮು ನಮ್ಮ ಕಡಿ ನಿನ್ನಿ ಮೊನ್ನಿದಲ್ಲ. ಕಮಲಾಪುರದಿಂದ ಅದೇ ರಸ್ತಾ ಹಿಡ್ದು ಹುಮನಾಬಾದ್ ದಾಟಿದ್ರ ಬಸವಕಲ್ಯಾಣ. ಅಲ್ಲಿ ಆಳಿದ ಚಾಲುಕ್ಯರ ಮೂರನೇ ಸೋಮೇಶ್ವರ ಸುಮಾರು 1129ರಾಗ 'ಮಾನಸೋಲ್ಲಾಸ' ಅನ್ನೋ ದೊಡ್ಡ ಸಂಸ್ಕೃತ ಗ್ರಂಥ ಮಾಡ್ಯಾನ. ಅದರಾಗ ಅಡಿಗಿ, ಹಾಡು, ಆನಿ, ಮಳಿ ಎಲ್ಲಾ ಅದ, 'ಮಲ್ಲವಿನೋದ' ಅಂತ ಕುಸ್ತಿದೂ ಒಂದು ಭಾಗ ಅದ. ಮಲ್ಲರಿಗಿ ವಯಸ್ಸು, ಮೈಕಟ್ಟು, ತಾಕತ್ತು ನೋಡಿ ಬ್ಯಾರೆ ಬ್ಯಾರೆ ತರಗತಿ. ತೂಕ ಎತ್ತೋದು, ನಡಿಯೋದು, ನೀರಾಗ ಈಜೋದು, ಕಂಬದ ಮ್ಯಾಲ ಕಸರತ್ತು ಮಾಡೋದು, ಹಿಂಗ ಬ್ಯಾರೆ ಬ್ಯಾರೆ ಶ್ರಮ. ಏನ್ ಉಣಬೇಕು ಅನ್ನೋದೂ ಅದ. ಒಂಬತ್ತನೂರು ವರ್ಷದ ಹಿಂದ ನಮ್ಮ ಕಲ್ಯಾಣದ ರಾಜಾಗ ತಿಳದಿತ್ತು, ಪೈಲ್ವಾನ ಒಂದು ತಿಂಗಳ ಬೆಳಿ ಅಲ್ಲ ಅಂತ. ನಮ್ಮ ಕಮಲಾಪುರದ ಕೆಂಪು ಬಾಳಿಹಣ್ಣೂ ಹಂಗೇ. ಬ್ಯಾರೆ ಬಾಳಿ ಗೊನಿ ಕಡ್ದು ಮಾರಿದ್ರೂ ಇದು ಇನ್ನೂ ಗಿಡದ ಮ್ಯಾಲ ಇರ್ತದ. ಅವಸರ ಮಾಡಿದ್ರ ಹಣ್ಣಿನ ರುಚಿ ಹೋಯ್ತು.

ಅವಸರ ಅಂದ್ರ ಗಾಮಾ ಪೈಲ್ವಾನನ ಮಾತು ನೆಪ್ಪಾಗ್ತದ. ಅಪ್ಪ ನಮಗ ಕತಿ ಹೇಳ್ತಿದ್ದ, ನಾನು ದೊಡ್ಡಾಕಿ ಆದ ಮ್ಯಾಲ ಓದಿ ತಿಳ್ಕೊಂಡೆ. 1910ರಾಗ ಲಂಡನ್ನಿನ್ಯಾಗ ಗಾಮಾ ಮತ್ತ ಪೋಲೆಂಡಿನ ಜ್ಬಿಸ್ಕೊ ಅನ್ನೋ ಭಾರಿ ಆಳಿನ ಕುಸ್ತಿ. ಜ್ಬಿಸ್ಕೊ ನೆಲಕ್ಕ ಹೊಟ್ಟಿ ಹಚ್ಚಿ ಕಪ್ಪಿ ಹಂಗ ಬಿದ್ದವ ಏಳಲೇ ಇಲ್ಲ. ಎರಡೂವರಿ ತಾಸಿನ ಮ್ಯಾಲ ಆದ್ರೂ ಯಾರೂ ಗೆಲ್ಲಲಿಲ್ಲ. ಗಾಮಾ ಆ ಹೊತ್ತಿನ್ಯಾಗ ಸಿಟ್ಟಿಗೆದ್ದು ಹುಚ್ಚುಚ್ಚಾರ ಮಾಡಿದ್ರ ತಾನೇ ಸಿಕ್ಕೊಂತಿದ್ದ. ಹದಿನೆಂಟು ವರ್ಷ ಆದ ಮ್ಯಾಲ, 1928ರಾಗ ಪಟಿಯಾಲಾದಾಗ ಅವರಿಬ್ಬರೂ ಮತ್ತ ಕೂಡಿದ್ರು. ಒಂದು ನಿಮಿಷದ ಒಳಗ ಜ್ಬಿಸ್ಕೊ ಚಿತ್. ಗಾಮಾಗ ಆಗ ಐವತ್ತರ ಹತ್ರ ವಯಸ್ಸು. ಆ ಒಂದು ನಿಮಿಷದ ಹಿಂದ ಹದಿನೆಂಟು ವರ್ಷದ ನಸಿಕಿನ ತಾಲೀಮು ಅದ. ಕಡೀ ದಿನದ ಪಟ್ಟು ಮಂದಿ ನೋಡ್ತಾರ, ನಡುವಿನ ದಿನ ಮನ್ಯಾವರಷ್ಟೇ ನೋಡ್ತಾರ.

"ಅವ್ರೆಲ್ಲಾ ಗಂಡಸರು" ಅಂತೀರಿ, ಗೊತ್ತದ. ಹಮೀದಾ ಬಾನು ಅಂತ ಒಬ್ಬಾಕಿ ಇದ್ಳು. 1954ರಾಗ ಬಡೋದಾದಾಗ ಬಾಬಾ ಪೈಲ್ವಾನ ಅನ್ನೋ ಗಂಡಸಿಗಿ ಒಂದು ನಿಮಿಷ ಮೂವತ್ನಾಲ್ಕು ಸೆಕೆಂಡಿನ್ಯಾಗ ಕೆಡವಿದ್ಳು. ಆಗಿನ ಮಂದಿ ಚಪ್ಪಾಳಿನೂ ಹೊಡದ್ರು, ಕೆಲವು ಕಡಿ ಕಲ್ಲೂ ಹೊಡದ್ರು. ಅಷ್ಟು ಹೆಸರು ಮಾಡಿದಾಕಿ ಕಡೀಕ ಹಾಲು ಮಾರಿ, ರಸ್ತಾದಾಗ ತಿಂಡಿ ಮಾರಿ ಬದುಕಿದ್ಳು. ತಾಕತ್ತು ಇದ್ರೆ ಸಾಲದು, ಹಿಂದ ನಿಲ್ಲೋ ಮಂದಿ ಬೇಕು ಅನ್ನೋದಕ್ಕ ಇದಕ್ಕಿಂತ ದೊಡ್ಡ ಸಾಕ್ಷಿ ಬ್ಯಾಡ.

ಇನ್ನ ನಮ್ಮ ಕಾಲದಾಕಿ, ನಿಖತ್ ಜರೀನ್. ನಿಜಾಮಾಬಾದಿನ ಹುಡುಗಿ, ಹಳೇ ಹೈದರಾಬಾದ್ ಸೀಮಿ ಅಂದ್ರ ನಮ್ಮ ಬಾಜೂ ಮನಿ ಇದ್ದಂಗ. ಬಾಕ್ಸಿಂಗ್ ಸೇರಿದಾಗ ಅಕಿ ಮಂದ್ಯೂ ಅಂದಿದ್ರು, ಮುಖಕ್ಕ ಪೆಟ್ಟು ಬಿದ್ರ ಯಾರು ಲಗ್ನ ಆಗ್ತಾರ ಅಂತ. ಅಪ್ಪ ಬೆನ್ನಿಗಿ ನಿಂತ. 2017ರಾಗ ಹೆಗಲ ಕೀಲು ತಪ್ಪಿ ವರ್ಷದ ಹತ್ರ ಹತ್ರ ಆಟ ನಿಂತಿತ್ತು. 2022ರಾಗ ಇಸ್ತಾಂಬುಲದಾಗ ಜಗತ್ತಿನ ಚಾಂಪಿಯನ್, 2023ರಾಗ ದಿಲ್ಲಿಯಾಗ ಮತ್ತೊಮ್ಮಿ. 2024ರಾಗ ಪ್ಯಾರಿಸ್ ಒಲಿಂಪಿಕ್ಸಿನ್ಯಾಗ ಸೋತ್ಳು, ಅತ್ತಳು. ಸೋತಿದ್ದಕ್ಕ ಅಕಿ ಸಣ್ಣಾಕಿ ಆದ್ಳೇನು? ಮೇರಿ ಕೋಮ್ ಅಂತೂ 2007ರಾಗ ಅವಳಿ ಮಕ್ಕಳು ಹಡ್ದು, 2008ರಾಗ ಮತ್ತ ಜಗತ್ತು ಗೆದ್ದಾಕಿ. ಹಡದ ಮೈ ಹ್ಯಾಂಗಿರ್ತದ ಅಂತ ನಿಮಗ ನಾನು ಹೇಳಬೇಕೇನು?

ಉಣಿಸಿನ ಮಾತು ಬಿಡಂಗಿಲ್ಲ. ನಮ್ಮ ಅವ್ವ ಮುಂಜಾನಿ ನಾಕಕ್ಕ ಎದ್ದು ಎಮ್ಮಿ ಹಿಂಡಿ, ಬಾದಾಮಿ ಕಲ್ಲಾಗ ಅರ್ದು, ಹಾಲಿಗಿ ಕೂಡಸಿ ಅಪ್ಪಗ ಕೊಡ್ತಿದ್ಳು. ತುಪ್ಪ ಮಾರಿದ್ರ ನಮ್ಮ ಪುಸ್ತಕ ಬರ್ತಿದ್ವು, ಅಪ್ಪ ಉಂಡ್ರ ತಾಲೀಮು ನಡೀತಿತ್ತು. ಅವ್ವ ಎರಡೂ ತೂಗಿಸಿದ್ಳು. ಈಗಿನ ಹುಡುಗರು ಸಾವಿರಗಟ್ಲೆ ರೊಕ್ಕ ಕೊಟ್ಟು ಡಬ್ಬಿ ಪುಡಿ ತರ್ತಾರ. ನಮ್ಮ ಮನ್ಯಾಗ ಲೆಕ್ಕ ಹಿಂಗ ಮಾಡೀನಿ: ನೂರು ಗ್ರಾಂ ತೊಗರಿ ಬ್ಯಾಳ್ಯಾಗ ಸುಮಾರು 22 ಗ್ರಾಂ ಪ್ರೊಟೀನ್, ನೂರು ಗ್ರಾಂ ಶೇಂಗಾದಾಗ ಸುಮಾರು 25, ದೊಡ್ಡ ಲೋಟ ಹಾಲಿನ್ಯಾಗ ಸುಮಾರು 8. ಜ್ವಾಳದ ರೊಟ್ಟಿ, ಗಟ್ಟಿ ಬ್ಯಾಳಿ, ಶೇಂಗಾ ಹಿಂಡಿ, ಮೊಸರು, ರಾತ್ರಿ ಹಾಲು. ಹದಿನಾಲ್ಕರ ಹುಡುಗಿಗಿ ಇದು ಸಾಕು. ಜಗತ್ತೆಲ್ಲಾ ನಮ್ಮ ಕಲಬುರಗಿ ತೊಗರಿ ಬ್ಯಾಳಿಗಿ ಹೆಸರು ಹೇಳ್ತದ, 2019ರಾಗ ಭೌಗೋಳಿಕ ಗುರುತೂ ಸಿಕ್ಕದ. ನಾವು ನೀರು ಬ್ಯಾಳಿ ಮಾಡಿ ಹುಡುಗ್ಯಾರಿಗಿ ಬಡಸಿ, ಗಟ್ಟಿದು ಗಂಡು ಹುಡುಗರಿಗಿ ಎತ್ತಿಡ್ತೀವಿ, ಅದಷ್ಟೇ ತಪ್ಪಬೇಕು.

ಈಗ ಮುಖ್ಯ ಮಾತಿಗಿ ಬರ್ತೀನಿ. ಎಲುಬು ಕೂಡಿದ ಮ್ಯಾಲ ಮಗಳಿಗಿ ಕರಕೊಂಡು ಕಮಲಾಪುರಕ್ಕ ಹೋಗಿದ್ದೆ. ಅವ್ವಗ ಕೇಳಿದೆ: "ಅಪ್ಪ ದೊಡ್ಡ ಪೈಲ್ವಾನ ಅಂತ ಊರು ಅಂತದಲ್ಲ, ಯಾವ ಕುಸ್ತಿ ನೋಡಿ ನಿನಗ ಹಂಗ ಅನಿಸ್ತು?" ನಮ್ಮಪ್ಪ ಹೆಸರುವಾಸಿ ಏನಲ್ಲ. ಜಾತ್ರಿ ಕುಸ್ತಿ ಟೆಂಗಿನಕಾಯಿಯಿಂದ ಶುರು ಆಗಿ ಬೆಳ್ಳಿ ಕಡಗಕ್ಕ ಮುಗೀತಾವ. ಅಪ್ಪ ಎಷ್ಟೋ ಕಾಯಿ ತಂದ, ಕಡಗ ಮಾತ್ರ ಜೀವಮಾನದಾಗ ಎರಡೇ. ಒಂದು ನನ್ನ ಲಗ್ನಕ್ಕ ಮಾರಿದ, ಇನ್ನೊಂದು ಅವ್ವನ ಟ್ರಂಕಿನ್ಯಾಗ ಅದ.

ಅವ್ವ ಅಂದ್ಳು: "ನಾನು ಕುಸ್ತಿ ಎಲ್ಲಿ ನೋಡಿನವ್ವ? ಆವಾಗ ಹೆಣ್ಣುಮಕ್ಕಳು ಕಣಕ್ಕ ಹೋಗ್ತಿದ್ದಿಲ್ಲ. ನಾನು ಮನಿಗಿ ಬಂದ ಮ್ಯಾಲಿನದು ನೋಡೀನಿ. ಒಂದು ಸಲ ನನ್ನ ತವರೂರ ಜಾತ್ರ್ಯಾಗೇ ಸೋತ. ಮೀಸಿ ಮೂಡಲಾರದ ಹುಡುಗ ಕೆಡವಿದ. ನನ್ನ ಅಣ್ಣ ತಮ್ಮಂದಿರೆಲ್ಲಾ ಅಲ್ಲೇ ಇದ್ರು. ನಾನು ಮನ್ಯಾಗ ನಿಮ್ಮನ್ನ ಮಲಗಿಸಿ, ತಾಟು ಇಟ್ಟು, ಹೆದರಿ ಕುಂತಿದ್ದೆ. ಬಂದ, ಕಾಲು ತೊಳ್ಕೊಂಡ. 'ಹುಡುಗರು ಉಂಡಾವೇನು?' ಅಂದ. ರೊಟ್ಟಿ ಪಲ್ಯಾ ಉಂಡ. 'ಆ ಹುಡುಗನ ಕಾಲಾಗ ಭಾಳ ಛಲೋ ಆಟ ಅದ' ಅಂದ. ಮಲಗಿದ. ನಸಿಕಿನ್ಯಾಗ ನಾಕಕ್ಕ ತಾಲೀಮಿಗಿ ಹೋದ. ಅವತ್ತು ನನಗ ಅನಿಸ್ತು, ನನ್ನ ಗಂಡ ಪೈಲ್ವಾನ."

ಆಮ್ಯಾಲ ಸುಮ್ಮ ಕುಂತ್ಳು. ನನಗೂ ಗೊತ್ತಿದ್ದ ಮಾತೇ, ಆದ್ರ ಮಗಳ ಮುಂದ ಹೇಳಬೇಕೋ ಬ್ಯಾಡೋ ಅಂತ ಯೋಚನಿ ಮಾಡ್ಲಕತ್ತಿದ್ಳು. ಹೇಳಿದ್ಳು. ನಮ್ಮ ಓಣ್ಯಾಗೇ ಇನ್ನೊಬ್ಬ ಪೈಲ್ವಾನ ಇದ್ದ. ಅಪ್ಪಗಿಂತ ಭಾಳ ಕಡಗ ಗೆದ್ದವ. ಮೆರವಣಿಗಿ ಏನು, ಪಟಗಾ ಏನು. ಅವ ಸೋತ ರಾತ್ರಿ ಅವನ ಹೇಣ್ತಿ ಮುಖ ಬಾವು ಬಂದು ಹಿತ್ತಲ ಬಾಗಲಿಲೆ ನಮ್ಮ ಮನಿಗಿ ಬರ್ತಿದ್ಳು. ಗೆದ್ದ ರಾತ್ರಿ ಕುಡ್ದು ಬಂದ್ರೂ ಅದೇ. ಒಂದು ರಾತ್ರಿ ಅವ ಬಡಗಿ ಹಿಡ್ದು ಹಿಂದೇ ಬಂದ. ಅವ್ವ ಅಕಿಗಿ ಒಳಗ ತೊಗೊಂಡು ಅಡಿಗಿ ಮನ್ಯಾಗ ಕುಂದ್ರಿಸಿದ್ಳು. ಅಪ್ಪ ಹೋಗಿ ಬಾಗಲಾಗ ನಿಂತ. ಅವ ಬೈದ, ನೂಕಿದ, ಬಡಗಿ ಎತ್ತಿದ. ಅಪ್ಪ ಬಡಗಿ ಹಿಡ್ಕೊಂಡ, ಕಸಗೊಂಡ, ಗ್ವಾಡಿಗಿ ಇಟ್ಟ. ತಿರುಗಿ ಒಂದೂ ಪೆಟ್ಟು ಹೊಡೀಲಿಲ್ಲ. "ಮುಂಜಾನಿ ಮಾತಾಡಮು, ಈಗ ಮನಿಗಿ ಹೋಗು" ಅಂತ ಇದೊಂದೇ ಮಾತು ಅಂದು ಬೆಳಗಾಗೋ ತನಕ ಬಾಗಲ ಬಿಡ್ಲಿಲ್ಲ. ಮರದಿನ ಊರ ಹಿರ್ಯಾರು, ಅಕಿ ತವರುಮನಿಯವರು ಕೂಡಿ ಅಕಿಗಿ ಕರಕೊಂಡು ಹೋದ್ರು. ಊರವರು ಇವತ್ತಿಗೂ ದೊಡ್ಡ ಪೈಲ್ವಾನ ಅಂದ್ರ ಅವನ ಹೆಸರೇ ಹೇಳ್ತಾರ. ನಮ್ಮ ಅವ್ವನ ಪಟ್ಟಿಯಾಗ ಅವನ ಹೆಸರಿಲ್ಲ. ನನ್ನ ಪಟ್ಟಿಯಾಗೂ ಇಲ್ಲ.

ಇದು ಕೇಳಿದ ಮ್ಯಾಲ ನನ್ನ ಮಗಳು ಬಸ್ಸಿನ್ಯಾಗ ಬರೋವಾಗ ಒಂದು ಮಾತು ಹೇಳಿದ್ಳು. ಕೈ ಮುರಿಯೋಕಿಂತ ಮೊದಲಿಂದು. ಟ್ಯೂಷನ್ನಿನಿಂದ ಬರೋ ಹಾದ್ಯಾಗ ಇಬ್ಬರು ಹುಡುಗರು ಗಾಡಿ ಮ್ಯಾಲ ಹಿಂದಿಂದೇ ಬರ್ತಿದ್ರಂತ. ಒಂದು ದಿನ ಬಾಜೂಕ ಬಂದು ಓಢಣಿ ಜಗ್ಗಿದ್ರಂತ. ನನ್ನ ಎದಿ ಧಸಕ್ ಅಂತು. "ನೀ ಏನ್ ಮಾಡಿದ್ಯವ್ವ? ಕೆಡವಿದೇನು?" ಅಂದೆ. "ಇಲ್ಲವ್ವ. ಅವ್ರು ಇಬ್ಬರು, ಗಾಡಿ ಮ್ಯಾಲ ಇದ್ರು. ಓಢಣಿ ಬಿಟ್ಟು ಕೊಟ್ಟೆ. ಕಿರಾಣಿ ಅಂಗಡಿ ಮುಂದ ಹೋಗಿ ನಿಂತು, ತಿರುಗಿ ಅವರ ಮುಖ ನೋಡಿ ಗಾಡಿ ನಂಬರ್ ಜೋರಾಗಿ ಒದರಿದೆ. ಅಂಗಡಿ ಕಾಕಾ ಹೊರಗ ಬಂದ. ಅವ್ರು ಓಡಿದ್ರು. ಆಮ್ಯಾಲ ಬರ್ಲಿಲ್ಲ." ಕ್ಲಾಸಿನ್ಯಾಗ ಉಸರು ಬಿಡೋದು ಕಲಿಸಿದ್ರಂತ, ಹೆದರಿಕಿ ಬಂದಾಗ ಉಸರು ಹಿಡೀಬಾರದು, ಬಿಡಬೇಕು, ಉಸರು ಬಿಟ್ರ ದನಿ ಬರ್ತದ, ಕಾಲು ನಡೀತಾವ. ಒಂದು ಓಢಣಿ ಹೋಯ್ತು, ಮಗಳು ಮನಿಗಿ ಬಂದ್ಳು.

ಅಲ್ಲಿ ಜಗಳಾಡಿದ್ರ ಅಕಿ ಸೋಲ್ತಿದ್ಳು. ಯಾವಾಗ ಕೈ ಎತ್ತಬಾರದು ಅನ್ನೋದು ತಿಳದಿತ್ತು. ನಮ್ಮಪ್ಪ ಬಾಗಲಾಗ ನಿಂತಿದ್ದು, ಇಕಿ ಅಂಗಡಿ ಮುಂದ ನಿಂತಿದ್ದು, ನನಗ ಎರಡೂ ಒಂದೇ ವಿದ್ಯಾ ಕಂಡ್ವು.

ಅತ್ತಿ ಮುಂದ ಇದೆಲ್ಲಾ ಹೇಳಿದೆ. ಅವರ ಚಿಂತಿ ಸುಳ್ಳಲ್ಲ ನೋಡ್ರಿ. ಎಲುಬು ಮತ್ತ ಮುರೀಬಹುದು. ನಾಳಿ ಬೀಗರು ಬಂದಾಗ ಈ ಮಾತು ಎತ್ತಬಹುದು. "ನಾನು ಒಪ್ಪಿಲ್ಲ" ಅಂತ ಇವತ್ತಿಗೂ ಅಂತಾರ. ಆದ್ರ ಓಢಣಿ ಮಾತು ಕೇಳಿದ ಮ್ಯಾಲ ಭಾಳ ಹೊತ್ತು ಸುಮ್ಮ ಇದ್ದು, "ಅಲ್ಲಿ ಕೆಳಗ ಹಾಸ್ಲಕ ಗಾದಿ ದಪ್ಪ ಅವನೋ ಇಲ್ಲೋ, ನಾನೇ ಬಂದು ನೋಡ್ತೀನಿ" ಅಂದ್ರು. ಮನ್ಯಾವರು ಪೇಪರ್ ಕೆಳಗಿಟ್ಟು "ಫೀಸು ಈ ತಿಂಗಳಿಂದು ನಾನು ಕಟ್ಟೀನಿ" ಅಂದ್ರು. ಯಾವಾಗ ಕಟ್ಟಿದ್ರೋ, ನನಗೂ ಹೇಳಿರ್ಲಿಲ್ಲ.

ನಿಮ್ಮ ಮನಿ ಹುಡುಗ್ಯಾರಿಗೂ ಕಳಸೋರಿದ್ರ ಇಷ್ಟು ನೋಡ್ಕೋರಿ. ಗಾದಿ ದಪ್ಪ ಇರಬೇಕು, ನಡುವ ಸಂದಿ ಇರಬಾರದು. ಮೊದಲು ಬೀಳೋದು ಕಲಸ್ತಾರೋ ಇಲ್ಲೋ ಕೇಳ್ರಿ. ತೂಕ ನೋಡಿ ಜೋಡಿ ಹಾಕಬೇಕು. ಹುಡುಗಿ ನೆಲಕ್ಕ ಎರಡು ಸಲ ಕೈ ಬಡದ್ರ ಎದುರಿನವರು ತಕ್ಷಣ ಬಿಡಬೇಕು, ಬಿಡಲಾರದವರಿಗಿ ಮಾಸ್ತರು ಹೊರಗ ಹಾಕಬೇಕು. ತಾಯಂದಿರು ಕುಂತು ನೋಡ್ತೀವಂದ್ರ ಬ್ಯಾಡ ಅನ್ನೋ ಕ್ಲಾಸಿಗಿ ಹೋಗೋದೇ ಬ್ಯಾಡ.

ಸೋಮವಾರ ಸಂಜಿ ಐದೂವರಿಗಿ ಹೊಂಟೀವಿ. ಮೊದಲನೇ ತಿಂಗಳು ಬರೇ ಬೀಳೋದು, ಏಳೋದು. ಅತ್ತಿ ಬರ್ತಾರ, ನಾನು ಬರ್ತೀನಿ. ಆಟೋದಾಗ ಇನ್ನೂ ಒಬ್ಬ ಹುಡುಗಿಗಿ ಜಾಗ ಅದ. ಯಾರರ ಕಳಸೋರಿದ್ರ ಆದಿತ್ಯಾರ ರಾತ್ರಿ ಒಳಗ ಹೇಳ್ರಿ.